ಪೌಂಡು ಗುರುತಿನ ನಂಜನಗೂಡು

ನಂಜನಗೂಡು ಎಂಬ ಊರಿನ ಹೆಸರು ಬ್ರಿಟಿಷ್ ಪೌಂಡಿನ ಗುರುತಿನಿಂದ ಶುರುವಾಗುತ್ತದೆ ಎಂದರೆ ಯಾರೂ ಒಪ್ಪಲಿಕ್ಕಿಲ್ಲ. ಆದರೆ ಇಪ್ಪತ್ತು ವರ್ಷದ ಹಿಂದೆ 'ನುಡಿ' ತಂತ್ರಾಂಶದಲ್ಲಿ ಟೈಪು ಮಾಡಿಟ್ಟ ಒಂದು ಫೈಲನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಊರಿನ ಹೆಸರು ಇರಬೇಕಾದ ಕಡೆ ಮೊದಲು ಪೌಂಡಿನ ಗುರುತು, ಆಮೇಲೆ ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷಿನ ಎ, ಅದರ ಹಿಂದೆ ಬರಿಯ ಎ, ಸಣ್ಣ ಡಿ, ಮತ್ತೆ ಪೌಂಡು, ಹೀಗೆ 12 ಚಿಹ್ನೆಗಳ ಸಾಲು ಕಾಣುತ್ತದೆ. ಪಕ್ಕದ ತಾಲ್ಲೂಕಿನ ನರಸೀಪುರವೂ ಪೌಂಡಿನಿಂದಲೇ ಹೊರಟು, ನಡುವೆ ಜಪಾನಿನ ಯೆನ್ ಗುರುತನ್ನು ಹಾದು ಹೋಗುತ್ತದೆ. ಕಪಿಲೆಯ ದಡದ ಎರಡು ಊರುಗಳು ಹೀಗೆ ಪರದೇಶದ ನಾಣ್ಯಗಳಾಗಿ ನಿಂತಿರುವುದನ್ನು ಕಂಡವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ: 'ವೈರಸ್ ಬಂದಿದೆ', ಇಲ್ಲವೇ 'ಫೈಲ್ ಕೆಟ್ಟುಹೋಗಿದೆ'. ಎರಡೂ ನಿಜವಲ್ಲ. ಆ ಫೈಲಿನೊಳಗೆ ಒಂದು ಅಕ್ಷರವೂ ಬದಲಾಗಿಲ್ಲ. ಬದಲಾಗಿರುವುದು ಅದನ್ನು ಓದುವ ಒಪ್ಪಂದ.

ಆಪರೇಟಿಂಗ್ ಸಿಸ್ಟಂ ಬದಲಾದಾಗಲೆಲ್ಲ ಕನ್ನಡದ ಹಳೆಯ ಫೈಲುಗಳು ಯಾಕೆ ಮುನಿಸಿಕೊಳ್ಳುತ್ತವೆ, ತಿದ್ದಲು ಹೋದರೆ ಯಾಕೆ ಕೈಗೆ ಸಿಗುವುದಿಲ್ಲ ಎಂಬ ಪ್ರಶ್ನೆ ಕಂಪ್ಯೂಟರ್ ರಿಪೇರಿಯವರದು ಮಾತ್ರವಲ್ಲ. ಅದರ ಉತ್ತರ ನಮ್ಮ ಲಿಪಿಯ ಇತ್ತೀಚಿನ ಚರಿತ್ರೆಯಲ್ಲಿದೆ.

ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. 1990ರ ದಶಕದಲ್ಲಿ ನಮ್ಮ ಊರುಗಳಿಗೆ ಡಿಟಿಪಿ ಬಂದಾಗ ಆ ಯಂತ್ರಗಳು ಒಂದು ಪಟ್ಟಿಯಲ್ಲಿ ಗುರುತಿಸುತ್ತಿದ್ದದ್ದು ಹೆಚ್ಚೆಂದರೆ 256 ಸ್ಥಾನಗಳನ್ನು. ಅಷ್ಟನ್ನೂ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳು, ಹಣದ ಗುರುತುಗಳು, ವಿರಾಮ ಚಿಹ್ನೆಗಳು ಹಂಚಿಕೊಂಡಿದ್ದವು. ಕನ್ನಡಕ್ಕೆ ಜಾಗವಿರಲಿಲ್ಲ. ಆಗ ನಮ್ಮವರು ಹೂಡಿದ ಉಪಾಯ ಸರಳವಾಗಿತ್ತು. ಸಂಖ್ಯೆ ಇಂಗ್ಲಿಷಿನದೇ ಇರಲಿ, ಅದರ ಮೇಲಿನ ಚಿತ್ರವನ್ನು ಮಾತ್ರ ಬದಲಿಸೋಣ ಎಂದರು. ಕ್ಯಾಪಿಟಲ್ ಪಿ ಇರುವ ಸ್ಥಾನದಲ್ಲಿ ತಲಕಟ್ಟಿಲ್ಲದ 'ಕ'ದ ಒಡಲನ್ನು ಕೂರಿಸಿದರು. ಓರೆಗೀಟಿನ ಎ ಸ್ಥಾನದಲ್ಲಿ ತಲಕಟ್ಟು. ಪೌಂಡಿನ ಸ್ಥಾನದಲ್ಲಿ 'ನ'ದ ಒಡಲು. ಜರ್ಮನ್ ಭಾಷೆಯ ಜೋಡಿ ಎಸ್ ಇರುವಲ್ಲಿ 'ನ'ದ ಒತ್ತು. ಹಾಗಾಗಿ ನುಡಿಯಲ್ಲಿ 'ಕನ್ನಡ' ಎಂದು ಬರೆದರೆ ಫೈಲಿನೊಳಗೆ ಕೂರುವುದು 7 ಚಿಹ್ನೆಗಳು: ಪಿ, ತಲಕಟ್ಟಿನ ಎ, ಪೌಂಡು, ಮತ್ತೆ ಅದೇ ಎ, ಜರ್ಮನ್ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಎ. ನುಡಿಯ ಫಾಂಟು ಮೇಲಿರುವವರೆಗೆ ಅದು ಕನ್ನಡ. ಫಾಂಟನ್ನು ತೆಗೆದರೆ ಪಿ ಪಿಯಾಗಿ, ಪೌಂಡು ಪೌಂಡಾಗಿ ಎದ್ದು ಕೂರುತ್ತವೆ. ಅಚ್ಚಿನ ಮೊಳೆಗಳ ಪೆಟ್ಟಿಗೆಯ ತರ್ಕವೇ ಇದು. ಯಾವ ಗೂಡಿನಲ್ಲಿ ಯಾವ ಮೊಳೆ ಇದೆ ಎಂಬುದು ಮೊಳೆ ಜೋಡಿಸುವವನಿಗೆ ಗೊತ್ತಿದ್ದರೆ ಸಾಕಿತ್ತು. ಕಾಗದದ ಮೇಲೆ ಅಚ್ಚು ಬಿದ್ದ ಮೇಲೆ ಗೂಡಿನ ಸಂಖ್ಯೆ ಯಾರಿಗೂ ಬೇಕಿರಲಿಲ್ಲ.

ತೊಡಕೆಂದರೆ, ಆರಂಭದಲ್ಲಿ ಒಂದೊಂದು ಕಂಪನಿಯದೂ ಒಂದೊಂದು ಪೆಟ್ಟಿಗೆ. ಶ್ರೀಲಿಪಿಯಲ್ಲಿ ಬರೆದದ್ದು ಆಕೃತಿಯಲ್ಲಿ ಓದಲಾಗದು, ಆಕೃತಿಯದು ಮತ್ತೊಂದರಲ್ಲಿ ಓದಲಾಗದು. ಒಂದು ಅಂಗಡಿಯಲ್ಲಿ ಟೈಪು ಮಾಡಿಸಿದ ಪುಸ್ತಕವನ್ನು ಇನ್ನೊಂದು ಅಂಗಡಿಯಲ್ಲಿ ತಿದ್ದಿಸಲು ಬರುತ್ತಿರಲಿಲ್ಲ. ಈ ಗೊಂದಲದ ನಡುವೆ ಕೆಲವರು ಲಿಪಿಯ ಪರವಾಗಿ ಯೋಚಿಸಿದರು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರಲ್ಲಿ ಮೊದಲಿಗರು. ಇಂಗ್ಲಿಷಿನ 26 ಕೀಲಿಗಳಲ್ಲೇ, ಶಿಫ್ಟ್ ಕೀಲಿಯ ನೆರವಿನಿಂದ, ಇಡೀ ಕನ್ನಡವನ್ನು ಬರೆಯಬಹುದಾದ ಕೀಲಿಮಣೆಯ ವಿನ್ಯಾಸ ಅವರದು. ಸ್ವರಕ್ಕೂ ಅದರ ಗುಣಿತ ಚಿಹ್ನೆಗೂ ಒಂದೇ ಕೀಲಿ. ಎಲ್ಲಿ ಯಾವುದು ಬರಬೇಕೆಂದು ತಂತ್ರಾಂಶವೇ ತಿಳಿದುಕೊಳ್ಳುತ್ತದೆ. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು', ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ'ವನ್ನು ಹೊರತಂದರು. ಮುಂದೆ ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ 'ನುಡಿ'ಯನ್ನು ರೂಪಿಸಿತು. ರಾವ್ ಅವರ ಕೀಲಿಮಣೆ ಅಲ್ಲಿ ಸರ್ಕಾರಿ ಮನ್ನಣೆ ಪಡೆಯಿತು, ಫಾಂಟಿನ ಸಂಕೇತಗಳಿಗೂ ಒಂದು ಸಾಮಾನ್ಯ ಪಟ್ಟಿ ದೊರೆಯಿತು. ಬರಹವೂ ಅದೇ ಪಟ್ಟಿಗೆ ಹೊಂದಿಕೊಂಡಿತು. ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ಹಟ ಹಿಡಿದಿದ್ದರೆಂಬುದು ಅವರ ಓದುಗರಿಗೆ ಗೊತ್ತೇ ಇದೆ. ಕಾಡು, ಹಕ್ಕಿ, ಏರೋಪ್ಲೇನ್ ಚಿಟ್ಟೆಗಳ ಲೇಖಕನಿಗೆ ಫಾಂಟಿನ ಗೊಡವೆ ಏಕೆ ಎಂದು ಆಗ ಕೇಳಿದವರಿಗೆ ಇಂದಿನ ಪೌಂಡಿನ ಗುರುತುಗಳೇ ಉತ್ತರ.

ನುಡಿ ಬಗೆಹರಿಸಿದ್ದು ದೊಡ್ಡ ಸಮಸ್ಯೆಯನ್ನೇ. ಪೆಟ್ಟಿಗೆಗಳೆಲ್ಲ ಒಂದಾದವು. ಆದರೆ ಪೆಟ್ಟಿಗೆ ಇನ್ನೂ ಬಾಡಿಗೆಯದೇ. ಕಂಪ್ಯೂಟರಿನ ಮಟ್ಟಿಗೆ ಅದು ಇಂಗ್ಲಿಷೇ ಆಗಿತ್ತು. ಹಾಗಾಗಿ ಕನ್ನಡದ ಪದವನ್ನು ಹುಡುಕಲು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಅದು ನೆರವಾಗುತ್ತಿರಲಿಲ್ಲ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ವರ್ಡ್ ತಂತ್ರಾಂಶದ ಅತಿವಿನಯ ಕೂಡ ಇಲ್ಲಿ ಅಪಾಯವೇ. ನುಡಿಯಲ್ಲಿ ಸಣ್ಣ ಡಿ ಎಂದರೆ 'ಜ'ದ ಒಡಲು, ದೊಡ್ಡ ಡಿ ಎಂದರೆ 'ಆ'. ಸಣ್ಣದು ದೊಡ್ಡದಾದರೆ ಅಕ್ಷರವೇ ಬೇರೆ.

ಕನ್ನಡಕ್ಕೆ ಸ್ವಂತ ಮನೆ ಸಿದ್ಧವಾಗಿದ್ದದ್ದು ಬೇರೆ ಕಡೆ. ಭಾರತೀಯ ಲಿಪಿಗಳಿಗಾಗಿ 1988ರಲ್ಲಿ ರೂಪುಗೊಂಡ ಇಸ್ಕಿ ಸಂಕೇತಪಟ್ಟಿಯನ್ನು ಆಧಾರವಾಗಿಟ್ಟುಕೊಂಡು, 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನಗಳನ್ನು ಕೊಡಲಾಗಿತ್ತು. ಅಲ್ಲಿ ತಲಕಟ್ಟಿಗೆ ಬೇರೆ ಸಂಖ್ಯೆಯಿಲ್ಲ, ಒತ್ತಕ್ಷರಕ್ಕೆ ಬೇರೆ ಸಂಖ್ಯೆಯಿಲ್ಲ. 'ಕನ್ನಡ'ಕ್ಕೆ ಐದೇ ಸಂಕೇತ: ಕ, ನ, ವಿರಾಮ, ನ, ಡ. ಎಂದರೆ ಇದು ಕಣ್ಣಿಗೆ ಕಾಣುವ ಆಕಾರದ ಪಟ್ಟಿಯಲ್ಲ, ಬಾಯಲ್ಲಿ ಹೇಳುವ ಅಕ್ಷರದ ಪಟ್ಟಿ. ಆಕಾರ ಕಟ್ಟುವ ಕೆಲಸ ಆಪರೇಟಿಂಗ್ ಸಿಸ್ಟಮಿನದು. ಆ ಕೆಲಸವನ್ನು ಕಲಿಯಲು ವಿಂಡೋಸ್‌ಗೆ ಹತ್ತು ವರ್ಷ ಬೇಕಾಯಿತು. ವಿಂಡೋಸ್ 2000ಕ್ಕೆ ಹಿಂದಿ, ತಮಿಳು ಬರುತ್ತಿದ್ದವು, ಕನ್ನಡ ಬರುತ್ತಿರಲಿಲ್ಲ. 2001ರ ಎಕ್ಸ್‌ಪಿ 'ತುಂಗಾ' ಎಂಬ ಫಾಂಟಿನ ಜೊತೆ ಕನ್ನಡವನ್ನು ತಂದಿತು. ಅದನ್ನು ಸೆಟ್ಟಿಂಗಿಗೆ ಹೋಗಿ ಸಕ್ರಿಯಗೊಳಿಸಬೇಕಿತ್ತು. 2007ರ ವಿಸ್ತಾದಿಂದ ಆ ತಾಪತ್ರಯವೂ ತಪ್ಪಿತು. 2012ರ ಹೊತ್ತಿಗೆ ರಾಜ್ಯ ಸರ್ಕಾರವೂ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿಕೊಂಡಿತು.

ಈ ಪ್ರತಿಯೊಂದು ಮೆಟ್ಟಿಲಲ್ಲೂ ಹಳೆಯ ಫೈಲುಗಳು ಎಡವಿವೆ. ವಿಸ್ತಾ ಬಂದಾಗ ಅದರ ಭದ್ರತಾ ಕಟ್ಟಳೆಯಿಂದಾಗಿ, ನಿರ್ವಾಹಕನ ಅಧಿಕಾರದಲ್ಲಿ ಓಡುವ ತಂತ್ರಾಂಶದೊಳಗೆ ಸಾಮಾನ್ಯ ಅಧಿಕಾರದ ಕೀಲಿಮಣೆ ತಂತ್ರಾಂಶ ಕೈ ಹಾಕುವಂತಿರಲಿಲ್ಲ. ಪರದೆಯ ಮೇಲೆ ನುಡಿ ಇದೆ, ಫಾಂಟೂ ಇದೆ, ಟೈಪು ಮಾಡಿದರೆ ಮಾತ್ರ ಏನೇನೋ ಬರುತ್ತದೆ ಎಂಬ ದೂರಿಗೆ ಇದು ಒಂದು ಕಾರಣ. ನುಡಿಯನ್ನೂ ನಿರ್ವಾಹಕನಾಗಿ ಓಡಿಸುವುದು ಅದರ ಪರಿಹಾರ. 64 ಬಿಟ್ ವಿಂಡೋಸ್ ಬಂದ ಮೇಲೆ 16 ಬಿಟ್ ಕಾಲದ ತಂತ್ರಾಂಶಗಳು ಒಮ್ಮೆಗೇ ನಿಂತವು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಬೆಂಬಲ ಮುಗಿಯಿತು. 2015ರ ವಿಂಡೋಸ್ 10ರಲ್ಲಿ ತುಂಗಾ ಫಾಂಟೇ ಐಚ್ಛಿಕ ಸೌಲಭ್ಯವಾಯಿತು. ಬೇಕೆಂದವರು ಸೆಟ್ಟಿಂಗಿಗೆ ಹೋಗಿ ಕನ್ನಡದ ಪೂರಕ ಫಾಂಟುಗಳನ್ನು ಸೇರಿಸಿಕೊಳ್ಳಬೇಕು. ಆ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ಈಗ ಮತ್ತೊಂದು ಸುತ್ತಿನ ಅಪ್‌ಗ್ರೇಡ್ ನಡೆದಿರುವ ಕಾಲ.

ಇದರಲ್ಲಿ ಕಳೆದುಕೊಳ್ಳುವುದು ಏನಿದೆ ಎಂದು ಕೇಳಬಹುದು. ನಂಜನಗೂಡು, ನರಸೀಪುರದಂಥ ತಾಲ್ಲೂಕು ಕೇಂದ್ರಗಳನ್ನೇ ನೋಡೋಣ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ರಾಜ್ಯದ ತಾಲ್ಲೂಕು ಕಚೇರಿಗಳಿಗೆ ಬಂದು, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಯ ಕಾಲ ಮುಗಿಯಿತು. ಪಹಣಿಯಲ್ಲಿ ಒಂದು ಒತ್ತು ತಪ್ಪಿದರೂ ಬ್ಯಾಂಕಿನವರು ಸಾಲ ಕೊಡುವ ಮುನ್ನ ಎರಡು ಸಲ ಯೋಚಿಸುತ್ತಾರೆ. ಹಾಗಾಗಿ ಆ ದತ್ತಾಂಶಕ್ಕೆ ಇಲಾಖೆ ಇದೆ, ತಂತ್ರಜ್ಞರಿದ್ದಾರೆ, ಕಾನೂನಿದೆ. ಯಂತ್ರ ಬದಲಾದರೆ ಅದನ್ನು ಹೊತ್ತು ದಾಟಿಸುವವರಿದ್ದಾರೆ. ಆದರೆ ಅದೇ ಕಾಲದಲ್ಲಿ ಅದೇ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಸಿದ್ಧವಾದ ಬರಹಗಳಿಗೆ ಯಾವ ಇಲಾಖೆ? ಜಾತ್ರೆಯ ಕರಪತ್ರ, ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆ, ಶಾಲೆಯ ಮೇಷ್ಟ್ರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಊರಿನ ಇತಿಹಾಸ, ಅಜ್ಜಿಯರಿಂದ ಕೇಳಿ ಬರೆದುಕೊಂಡ ಸೋಬಾನೆ ಪದ, ಎಂ.ಫಿಲ್. ಪ್ರಬಂಧ. ಅಚ್ಚಾದವು ಹೇಗೋ ಉಳಿಯುತ್ತವೆ. ಅಚ್ಚಾಗದೆ ಫೈಲಿನಲ್ಲೇ ನಿಂತವು, ಅಚ್ಚಾದ ಮೇಲೆ ಫೈಲಿನಲ್ಲಷ್ಟೇ ತಿದ್ದಿಕೊಂಡವು ಈಗ ಪೌಂಡು ಮತ್ತು ಯೆನ್ನುಗಳ ರಾಶಿ. ಯಜಮಾನರಿದ್ದ ಕನ್ನಡ ದಾಟಿತು, ಯಜಮಾನರಿಲ್ಲದ್ದು ದಡದಲ್ಲಿ ಉಳಿಯಿತು.

ಈ ಎರಡು ತಾಲ್ಲೂಕುಗಳಿಗೆ ಓದಲಾಗದ ಬರಹ ಹೊಸದಲ್ಲ. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿತ್ತು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ಕೈಗೆ ಹೋಗಿ ರಾಜರಾಜಪುರವಾಯಿತು. ಈ ಸೀಮೆಯ ಕಲ್ಲುಗಳಲ್ಲಿ ಆಗ ತಮಿಳು ಕಾಣಿಸಿಕೊಂಡಿತು. ಸುಮಾರು 1116ರಲ್ಲಿ ವಿಷ್ಣುವರ್ಧನ 'ತಲಕಾಡುಗೊಂಡ'ನಾದ ಮೇಲೆ ಕನ್ನಡದ ಹೊಯ್ಸಳ ಬರವಣಿಗೆ ಬಂದಿತು. ಅರಸು ಬದಲಾದಾಗ ಲಿಪಿಯೂ ಅಕ್ಷರದ ತಿರುವೂ ಬದಲಾದವು. ಹಳೆಯ ಕಲ್ಲು ಹಾಗೇ ನಿಂತಿತ್ತು, ಓದುವವರು ಇಲ್ಲವಾದರು. ಶತಮಾನಗಳ ಬಳಿಕ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಬಿ.ಎಲ್. ರೈಸ್ ತಮ್ಮ ಪಂಡಿತರ ನೆರವಿನಿಂದ ಅವನ್ನು ಓದಿಸಿ, 1894ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ನಂಜನಗೂಡು, ನರಸೀಪುರ ತಾಲ್ಲೂಕುಗಳ ಶಾಸನಗಳು ಇರುವುದು ಆ ಸಂಪುಟದಲ್ಲೇ. ರೈಸ್ ಒಂದು ಜಾಣತನದ ಕೆಲಸ ಮಾಡಿದರು. ಪಾಠವನ್ನು ತಮ್ಮ ಕಾಲದ ಅಚ್ಚಿನ ಕನ್ನಡದಲ್ಲಿ ಕೊಟ್ಟರು, ರೋಮನ್ ಅಕ್ಷರದಲ್ಲೂ ಕೊಟ್ಟರು, ಇಂಗ್ಲಿಷ್ ಅನುವಾದವನ್ನೂ ಸೇರಿಸಿದರು. ಒಂದು ರೂಪದಲ್ಲಿ ಸಂಶಯ ಬಂದರೆ ಇನ್ನೊಂದರಲ್ಲಿ ತಾಳೆ ನೋಡಬಹುದು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಾಗ ಶಾಸನಗಳಿಗೆ ಹೊಸ ಸಂಖ್ಯೆಗಳು ಬಂದವು. ಅಂದಿನಿಂದ ಸಂಶೋಧಕರು ಒಂದು ಶಾಸನವನ್ನು ಉಲ್ಲೇಖಿಸುವಾಗ ಹಳೆಯ ಸಂಪುಟವೋ ಪರಿಷ್ಕೃತ ಸಂಪುಟವೋ ಎಂದು ಹೇಳಲೇಬೇಕು. ಪಠ್ಯವನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವವರು ಹಳೆಯ ಗುರುತನ್ನು ಬಿಡಬಾರದು ಎಂಬ ಪಾಠವನ್ನು ಶಾಸನಶಾಸ್ತ್ರ ನಮಗೆ ಆಗಲೇ ಕಲಿಸಿದೆ.

ಹೊಸ ಮನೆಯಲ್ಲೂ ಪುರಾತನರಿಗೆ ತೊಂದರೆ ತಪ್ಪಿಲ್ಲ. ಹಳಗನ್ನಡದ ೞ ಅಕ್ಷರಕ್ಕೆ ಯೂನಿಕೋಡಿನಲ್ಲಿ ಸ್ಥಾನವೇನೋ ಇದೆ, ಆದರೆ ಅಧಿಕೃತ ಪಟ್ಟಿಯಲ್ಲಿ ಅದರ ಹೆಸರು 'ಕನ್ನಡ ಅಕ್ಷರ ಫ'. ಯಾರೋ ಮಾಡಿದ ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಯೂನಿಕೋಡಿನ ನಿಯಮ. ಹಾಗಾಗಿ ತಿದ್ದುಪಡಿ ಪಕ್ಕದಲ್ಲಿದೆ, ತಪ್ಪು ಹೆಸರು ಶಾಶ್ವತವಾಗಿ ಉಳಿದಿದೆ. ಕೇಳಿದರೆ ನಗು ಬರುತ್ತದೆ. ಆದರೆ ಒಪ್ಪಂದವನ್ನು ಮುರಿಯುವುದಕ್ಕಿಂತ ಒಂದು ತಪ್ಪು ಹೆಸರನ್ನು ಹೊರುವುದು ಮೇಲು ಎಂಬ ವಿವೇಕ ಅದರಲ್ಲಿದೆ. ನಮ್ಮ ಫಾಂಟುಗಳ ಕಾಲದಲ್ಲಿ ಇಲ್ಲದೇ ಹೋದದ್ದು ಇದೇ ವಿವೇಕ.

ಇಷ್ಟು ತಿಳಿದರೆ ಹಳೆಯ ಫೈಲನ್ನು ತಿದ್ದುವ ದಾರಿಯೂ ತಿಳಿಯುತ್ತದೆ. ಮೊದಲು ಕಾಯಿಲೆ ಯಾವುದೆಂದು ನೋಡಬೇಕು. ಪೌಂಡು, ಯೆನ್, ಓರೆಗೀಟಿನ ಎ ಕಂಡರೆ ಹೆದರಬೇಕಾಗಿಲ್ಲ. ಪಠ್ಯ ಪೂರ್ತಿಯಾಗಿದೆ, ಹಳೆಯ ಫಾಂಟು ಇಲ್ಲ ಅಷ್ಟೆ. ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಅದು ಬಹುಮಟ್ಟಿಗೆ ಯೂನಿಕೋಡಿನ ಫೈಲು. ಕನ್ನಡದ ಫಾಂಟು ಹಾಕಿದರೆ ಸರಿಹೋಗುತ್ತದೆ. ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಎದೆ ಗಟ್ಟಿ ಮಾಡಿಕೊಳ್ಳಬೇಕು. ಯೂನಿಕೋಡ್ ಕನ್ನಡವನ್ನು ಹಳೆಯ ನೋಟ್‌ಪ್ಯಾಡಿನಲ್ಲಿ 'ಆನ್ಸಿ' ಎಂಬ ಆಯ್ಕೆಯಲ್ಲಿ ಉಳಿಸಿದಾಗ ಹೀಗಾಗುತ್ತದೆ, ಒಳಗಿನ ಸಂಖ್ಯೆಗಳೇ ಅಳಿಸಿಹೋಗಿರುತ್ತವೆ. 2019ರಲ್ಲಿ ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸಲು ಕಲಿತ ಮೇಲೆ ಈ ಅಪಘಾತ ಕಡಿಮೆಯಾಗಿದೆ. ಇನ್ನು ಫೈಲು ತೆರೆಯುವುದೇ ಇಲ್ಲ, 'ಅನುಮತಿಯಿಲ್ಲ' ಎನ್ನುತ್ತದೆ ಎಂದರೆ ಅದು ಕನ್ನಡದ ಸಮಸ್ಯೆಯಲ್ಲ. ಹಳೆಯ ಯಂತ್ರದ ಬಳಕೆದಾರನ ಖಾತೆಗೆ ಆ ಫೈಲು ಇನ್ನೂ ಕಟ್ಟುಬಿದ್ದಿದೆ. ಫೈಲಿನ ಪ್ರಾಪರ್ಟೀಸ್‌ನಲ್ಲಿ ಒಡೆತನವನ್ನು ಹೊಸ ಖಾತೆಗೆ ಬದಲಿಸಿಕೊಳ್ಳಬೇಕು. ವರ್ಡ್ 95ರ ಕಾಲದ ಫೈಲಾದರೆ ಇಂದಿನ ವರ್ಡ್ ಅದನ್ನು ಓದಲಷ್ಟೇ ತೆರೆದು, ತಿದ್ದಲು ಬಿಡದೇ ಇರಬಹುದು. ಅದನ್ನು ಹೊಸ ನಮೂನೆಯಲ್ಲಿ ಬೇರೆ ಹೆಸರಿನಿಂದ ಉಳಿಸಿಕೊಳ್ಳಬೇಕು.

ಪೌಂಡಿನ ಫೈಲಿನಲ್ಲಿ ಮಾಡಬಾರದ ಕೆಲಸ ಒಂದಿದೆ: ಸಿಕ್ಕ ಕೂಡಲೇ ತಿದ್ದಲು ಕೂರುವುದು. ಹೊಸ ವಿಂಡೋಸಿನ ಕನ್ನಡ ಕೀಲಿಮಣೆಯಿಂದ ಹಳೆಯ ಸಾಲಿನ ನಡುವೆ ಒಂದು ಪದ ಸೇರಿಸಿದರೆ ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣಬಹುದು. ಆದರೆ ಒಳಗೆ ಒಂದೇ ವಾಕ್ಯದಲ್ಲಿ ಎರಡು ಸಂಕೇತಗಳು ಸೇರಿಕೊಂಡಿರುತ್ತವೆ. ಮೊದಲು ಮೂಲದ ಪ್ರತಿ ತೆಗೆದು ಮೂಲವನ್ನು ಮುಟ್ಟದೆ ಇಡಬೇಕು. ಫಾಂಟು ಯಂತ್ರದಲ್ಲಿ ಇಲ್ಲದಿದ್ದರೂ ವರ್ಡಿನ ಫಾಂಟು ಪಟ್ಟಿಯ ಜಾಗದಲ್ಲಿ ಅದರ ಹೆಸರು ಕಾಣುತ್ತದೆ, ಅದನ್ನು ಬರೆದಿಟ್ಟುಕೊಳ್ಳಬೇಕು. ಅದೇ ಫಾಂಟು ಹಾಕಿ, ಪುಟಗಳು ಮೊದಲಿನಂತೆ ಕಾಣುವುದನ್ನು ಖಚಿತಪಡಿಸಿಕೊಂಡು, ಒಂದು ಪಿಡಿಎಫ್ ತೆಗೆದಿಡಬೇಕು. ಆ ಪಿಡಿಎಫ್ ನಮಗೆ ಓದಲು, ತಾಳೆ ನೋಡಲು ಮಾತ್ರ. ಅದರಿಂದ ನಕಲು ಮಾಡಿದರೆ ಮತ್ತೆ ಪೌಂಡೇ ಬರುತ್ತದೆ. ಆಮೇಲೆ ಪರಿವರ್ತಕ ತಂತ್ರಾಂಶದಲ್ಲಿ ಯೂನಿಕೋಡಿಗೆ ಬದಲಿಸಿ, ಕೊನೆಯಲ್ಲಿ ತಿದ್ದುಪಡಿ. ಪೇಜ್‌ಮೇಕರ್ ಫೈಲುಗಳಿಗೆ ಇನ್ನೊಂದು ಸುತ್ತು ಬೇಕು. ಅಡೋಬಿಯ ಇನ್‌ಡಿಸೈನ್ ಸಿಎಸ್6 ಅವನ್ನು ತೆರೆಯುತ್ತಿತ್ತು, ಅದರ ನಂತರದ ಆವೃತ್ತಿಗಳು ತೆರೆಯುವುದಿಲ್ಲ. 2015ರಲ್ಲಿ ಬಂದ ಲಿಬ್ರೆ ಆಫೀಸ್ 4.4ರಿಂದ ಆ ಮುಕ್ತ ತಂತ್ರಾಂಶಕ್ಕೆ ಪೇಜ್‌ಮೇಕರ್ ಓದಲು ಬರುತ್ತದೆ ಎಂಬುದು ಸಮಾಧಾನದ ಸಂಗತಿ.

ಪರಿವರ್ತಕ ಯಂತ್ರವಷ್ಟೇ, ಪಂಡಿತನಲ್ಲ. ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅರ್ಕಾವೊತ್ತು ಅಲ್ಲಿ ವ್ಯಂಜನದ ಹಿಂದೆ ಬರುತ್ತದೆ. ಯೂನಿಕೋಡು ಉಚ್ಚಾರದ ಕ್ರಮದಲ್ಲಿ ಬರೆಯುತ್ತದೆ. ಅಲ್ಲಿ 'ರ್' ಮೊದಲು. ಈ ಅದಲುಬದಲು ತಪ್ಪಿದಾಗ ಹುಟ್ಟುವುದೇ ನಾವೆಲ್ಲ ಎಲ್ಲೋ ಒಂದು ಕಡೆ ಕಂಡಿರುವ 'ಕನಾರ್ಟಕ', 'ಸಕಾರ್ರ'. ಹಳೆಯ ಫೈಲಿನಲ್ಲಿ ಇಂಗ್ಲಿಷ್ ಪದಗಳಿದ್ದರೆ ಅವೂ ಅದೇ ಸಂಖ್ಯೆಗಳಲ್ಲಿ ಇರುವುದರಿಂದ, ಫಾಂಟಿನ ಹೆಸರನ್ನು ನೋಡದ ಪರಿವರ್ತಕ ಅವನ್ನೂ ಕನ್ನಡ ಮಾಡಿಬಿಡುತ್ತದೆ. ರೋಮನ್ ಅಕ್ಷರದಲ್ಲಿ ಬರೆದ ಸಿಡಿ 'ಅಆ' ಆಗುತ್ತದೆ. ಅಂಕಿಗಳಲ್ಲೂ ಎಚ್ಚರ ಬೇಕು. ನುಡಿಯ ಫಾಂಟುಗಳ ಹೆಸರಿನ ಕೊನೆಯಲ್ಲಿ 'ಇ' ಇದ್ದರೆ ಇಂಗ್ಲಿಷ್ ಅಂಕಿ, 'ಕೆ' ಇದ್ದರೆ ಕನ್ನಡ ಅಂಕಿ. ಒಳಗಿನ ಸಂಖ್ಯೆ ಎರಡಕ್ಕೂ ಒಂದೇ. ಹಾಗಾಗಿ ಪರಿವರ್ತನೆಯ ಮೇಲೆ ಒಬ್ಬರು ಮನುಷ್ಯರು ಕೂತು, ಹಳೆಯ ಅಚ್ಚಿನ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಸಾಲುಸಾಲಾಗಿ ಓದಲೇಬೇಕು. ರೈಸ್ ಅವರ ಪಂಡಿತರು ಮಾಡಿದ್ದೂ ಇದನ್ನೇ. ಅವರ ಎದುರು ಕಲ್ಲಿನ ಅಚ್ಚುಪಡಿಯಿತ್ತು, ನಮ್ಮೆದುರು ಪಿಡಿಎಫ್ ಇದೆ.

ಈ ಕೆಲಸಕ್ಕೆ ಕಾಲಮಿತಿಯೂ ಇದೆ. ಫಾಂಟುಗಳು ಸಿಗಬಹುದು, ಪರಿವರ್ತಕಗಳೂ ಸಿಗಬಹುದು. ಈ ಫೈಲು ಶ್ರೀಲಿಪಿಯದೋ ಆಕೃತಿಯದೋ, ಇದು ಮೊದಲ ಕರಡೋ ಕೊನೆಯದೋ, ಈ ಪದವನ್ನು ಹೇಳಿದವರು ಯಾವ ಊರಿನವರು ಎಂಬುದನ್ನು ಹೇಳಬಲ್ಲವರು ಟೈಪು ಮಾಡಿದವರು ಮತ್ತು ಟೈಪು ಮಾಡಿಸಿದವರು. ಅವರಲ್ಲಿ ಬಹುಮಂದಿಗೆ ಈಗ ವಯಸ್ಸಾಗಿದೆ. ಹಲವು ಅಂಗಡಿಗಳು ಜೆರಾಕ್ಸಿಗೆ, ಫ್ಲೆಕ್ಸಿಗೆ ತಿರುಗಿವೆ. ಚರಿತ್ರೆಯ ವಿದ್ಯಾರ್ಥಿಗಳಿಗೆ ಊರೂರು ಸುತ್ತಿ ಶಾಸನ ಹುಡುಕುವುದು ಇಂದಿಗೂ ಗೌರವದ ಕೆಲಸ. ಅದೇ ಸುತ್ತಾಟದಲ್ಲಿ ಊರಿನ ಹಳೆಯ ಡಿಟಿಪಿ ಅಂಗಡಿಗೂ ಹೋಗಿ, ಮೂಲೆಯಲ್ಲಿರುವ ಸಿಡಿಗಳನ್ನೂ ಹಾರ್ಡ್ ಡಿಸ್ಕನ್ನೂ ಕೇಳಿ ಪಡೆದು, ಯಾವ ಫಾಂಟಿನಲ್ಲಿ ಟೈಪು ಮಾಡಿದ್ದೆಂದು ಕೇಳಿ ಅದರ ಮೇಲೊಂದು ಚೀಟಿ ಅಂಟಿಸಿದರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧವನ್ನು ಮುಂದೆ ಯಾರು ಬೇಕಾದರೂ ಮಾಡಬಹುದು.